ಮರೆವಿನ ಕಾಯಿಲೆಯವರನ್ನೂ ಕೇಳಿ ತೀರ್ಮಾನಿಸಬೇಕು

ಮಾನ್ಯರೇ,

ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವ ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವಾಗ ಮಕ್ಕಳು, ವೈದ್ಯರು ಮತ್ತು ಕೇಂದ್ರದವರು ಕುಳಿತು ಎಲ್ಲವನ್ನೂ ಮಾತಾಡಿಕೊಳ್ಳುತ್ತಾರೆ. ಅಲ್ಲಿ ಹೋಗಿ ಇರಬೇಕಾದವರಿಗೆ ಮಾತ್ರ, ಎಷ್ಟೋ ಸಲ, ‘ಆಸ್ಪತ್ರೆಗೆ ಹೋಗಿ ಬರೋಣ’ ಎಂದಷ್ಟೇ ಹೇಳಿ ಹೊರಡಿಸಲಾಗುತ್ತದೆ. ವರ್ಷಗಟ್ಟಲೆ ನಿದ್ದೆಗೆಟ್ಟು ನೋಡಿಕೊಂಡ ಮನೆಯವರ ದಣಿವು ದೊಡ್ಡದು, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಕಾಯಿಲೆ ಪತ್ತೆಯಾದ ದಿನದಿಂದಲೇ ಆ ಹಿರಿಯರಿಗೆ ಸ್ವಂತ ಇಷ್ಟಾನಿಷ್ಟಗಳೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಅನ್ಯಾಯ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಗೆ ಕೊಟ್ಟಿರುವ ವ್ಯಾಖ್ಯಾನದಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ಬಗೆಗಿನ ತೀರ್ಮಾನವನ್ನು ಮಾತಿನಲ್ಲೇ ತಿಳಿಸಬೇಕೆಂದಿಲ್ಲ, ಸನ್ನೆ ಮತ್ತು ಮುಖಭಾವಗಳೂ ಸಾಕು. ವಿಷಯವನ್ನು ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಬೇಕಿದ್ದರೆ ಚಿತ್ರ ತೋರಿಸಿ, ತಿಳಿಸಬೇಕು. ಅವರ ತೀರ್ಮಾನ ಉಳಿದವರಿಗೆ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಅವರಿಗೆ ತೀರ್ಮಾನಿಸುವ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಚಿಕಿತ್ಸೆಯ ವಿಚಾರದಲ್ಲೇ ಇಷ್ಟು ಎಚ್ಚರ ವಹಿಸಿರುವಾಗ, ಉಳಿದ ಆಯುಷ್ಯವನ್ನು ಎಲ್ಲಿ, ಯಾರೊಂದಿಗೆ ಕಳೆಯಬೇಕು ಎಂಬುದರಲ್ಲಿ ಅದಕ್ಕಿಂತ ಕಡಿಮೆ ಎಚ್ಚರ ಸಾಕಾಗುವುದು ಹೇಗೆ?

ಕೇಳುವ ರೀತಿಯನ್ನೂ ಕಲಿಯಬೇಕಾಗುತ್ತದೆ. ಈ ಕಾಯಿಲೆಯಲ್ಲಿ ಸಂಜೆಯಾಗುತ್ತಿದ್ದಂತೆ ಅನೇಕರಿಗೆ ಗೊಂದಲ ಹೆಚ್ಚುವುದರಿಂದ, ಕನ್ನಡಕ ಮತ್ತು ಶ್ರವಣಯಂತ್ರ ಹಾಕಿಸಿ, ಬೆಳಗಿನ ಹೊತ್ತು, ಒಂದು ಸಲಕ್ಕೆ ಒಂದೇ ವಿಷಯವನ್ನು ಕೇಳುವುದು ಒಳ್ಳೆಯದು. ನಂತರ ಕಲಿತ ಭಾಷೆಗಳು ಜಾರಿ ಬಾಲ್ಯದ ಮಾತು ಮಾತ್ರ ಉಳಿದವರೂ ಇದ್ದಾರೆ. ಬೆಂಗಳೂರಿನಲ್ಲಿರುವ ತುಳು ಅಥವಾ ಕೊಂಕಣಿ ಮನೆಮಾತಿನ ಅಜ್ಜಿಯನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸಿ, ಉತ್ತರ ಬರಲಿಲ್ಲವೆಂದು ಬರೆದುಕೊಳ್ಳುವುದು ಸರಿಯಲ್ಲ. ಸೇರಿಸುವ ಮೊದಲೇ ಒಂದೆರಡು ಸಲ ಕರೆದೊಯ್ದು ಕೋಣೆ, ಅಂಗಳ, ಊಟದ ಮನೆಗಳನ್ನು ತೋರಿಸಿದರೆ, ಬಾಯಲ್ಲಿ ಹೇಳಲಾಗದವರೂ ತಮಗೆ ಒಗ್ಗಿತೋ ಇಲ್ಲವೋ ಎಂಬುದನ್ನು ತಮ್ಮ ನಡವಳಿಕೆಯಲ್ಲಿ ತೋರಿಸುತ್ತಾರೆ. ಸೇರಿದ ಮೇಲೂ ಸ್ನಾನದ ಹೊತ್ತು, ಉಡುವ ಬಟ್ಟೆ, ಪೂಜೆ ಅಥವಾ ನಮಾಜು, ಪಕ್ಕದಲ್ಲಿ ಯಾರು ಕೂರಬೇಕೆಂಬುದು, ಇವೆಲ್ಲವೂ ದಿನದಿನವೂ ಕೇಳಬೇಕಾದ ವಿಷಯಗಳೇ.

ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಆರೈಕೆ ಕೇಂದ್ರಗಳ ದಾಖಲಾತಿ ಅರ್ಜಿಯಲ್ಲಿ, ಹಿರಿಯರನ್ನು ಯಾವಾಗ, ಯಾವ ಭಾಷೆಯಲ್ಲಿ ಕೇಳಲಾಯಿತು, ಅವರು ಹೇಗೆ ಪ್ರತಿಕ್ರಿಯಿಸಿದರು ಎಂಬುದನ್ನು ಬರೆಯುವುದನ್ನು ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ. ಮೇಲೆ ಹೇಳಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಸೆಕ್ಷನ್, ತನಗೆ ಎಂಥ ಆರೈಕೆ ಬೇಕು, ಎಂಥದು ಬೇಡ ಎಂಬುದನ್ನು ಮೊದಲೇ ಬರೆದಿಡಲು ಅವಕಾಶ ಕೊಟ್ಟಿದೆ. ಕಾಯಿಲೆಯ ಮೊದಲ ಹಂತದಲ್ಲೇ, ಅದನ್ನು ಪತ್ತೆಹಚ್ಚಿದ ಆಸ್ಪತ್ರೆಯಲ್ಲಿಯೇ, ಇಂಥ ಮುಂಗಡ ನಿರ್ದೇಶನವನ್ನು ಕನ್ನಡದಲ್ಲಿ ಬರೆದುಕೊಡಲು ನೆರವಾಗುವವರು ಒಬ್ಬರಾದರೂ ಇರಬೇಕು.

– ಓರ್ವ ಓದುಗ, ಮೈಸೂರು