ಕೊಟ್ಟಿಗೆಹಾರದಲ್ಲಿ ಸಿಕ್ಕ ಹಿರಿಯ ಮೆಕ್ಯಾನಿಕ್ ಅವರಿಗೆ

ಸರ್, ಹೆಸರು ಕೇಳುವಷ್ಟರಲ್ಲಿ ನಿಮ್ಮ ಬಸ್ ಬಂತು. ಅದಕ್ಕೇ ಇಲ್ಲಿ ಎಲ್ಲರೆದುರು ಧನ್ಯವಾದ ಹೇಳುತ್ತಿದ್ದೇನೆ.

ನನ್ನದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಸಿಲಿಂಡರ್‌ಗಳಿಗೆ ಕಿಡಿ ಹಂಚುವ, ಪಾಯಿಂಟ್, ಕಂಡೆನ್ಸರ್ ಇದ್ದ ಹಳೆಯ ಡಿಸ್ಟ್ರಿಬ್ಯೂಟರ್ ತೆಗೆದು, ಬ್ಲೂಟೂತ್ ಮೂಲಕ ಮೊಬೈಲ್‌ನಲ್ಲೇ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹೊಂದಿಸುವ 123 ಟ್ಯೂನ್ ಪ್ಲಸ್ ಎಂಬ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸಿದ್ದೆ. ಬಯಲಲ್ಲಿ ಚೆನ್ನಾಗಿ ಓಡುತ್ತಿತ್ತು. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಜೋರು ನಾಕಿಂಗ್, ಇಂಜಿನ್ ಒಳಗೆ ಟಕಟಕ ಬಡಿತ. ಆ ಸದ್ದು ಕೇಳಿಯೇ ನೀವು ಟೀ ಬಿಟ್ಟು ಎದ್ದು ಬಂದಿರಿ.

ಬ್ಲೂಟೂತ್ ನಿಮಗೆ ಹೊಸದು. ಇಂಜಿನ್ ಹೊಸದಲ್ಲ. ಒಂದನೇ ಪಿಸ್ಟನ್ ಕಂಪ್ರೆಶನ್‌ನಲ್ಲಿ ಪೂರ್ತಿ ಮೇಲೆ ಬರುವಂತೆ ತಿರುಗಿಸಿ, ಡಿಸ್ಟ್ರಿಬ್ಯೂಟರ್ ಕೂತ ಜಾಗ ಸರಿಯಿದೆ ಅಂತ ಮೊದಲು ಖಚಿತ ಮಾಡಿಕೊಂಡಿರಿ. ಆಮೇಲೆ, ಯಾವ ವೇಗಕ್ಕೆ ಕಿಡಿ ಎಷ್ಟು ಮುಂಚೆ ಎಂದು ತೋರಿಸುವ ಮೊಬೈಲ್ ಪರದೆಯ ಗೆರೆ ನೋಡಿ ಕಾರಣ ಹೇಳಿದಿರಿ. ಪೆಟ್ರೋಲ್ ಉರಿಯಲು ಹೊತ್ತು ಬೇಕು, ಅದಕ್ಕೆ ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹಾರಬೇಕು. ಇಂಜಿನ್ ವೇಗ ಹೆಚ್ಚಿದಷ್ಟೂ ಇನ್ನೂ ಬೇಗ. ಆದರೆ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬುತ್ತದೆ, ಬೇಗ ಉರಿಯುತ್ತದೆ. ಆಗ ಅಷ್ಟು ಮುಂಚೆ ಕಿಡಿ ಬೇಡ. ನನ್ನ ಗೆರೆ 1500ರಿಂದ 2500 ಆರ್‌ಪಿಎಂ ನಡುವೆ ತೀರಾ ಕಡಿದಾಗಿತ್ತು. ನೀವು ಹೇಳುತ್ತಾ ಹೋದಿರಿ, ನಾನು ಒಂದೊಂದೇ ಡಿಗ್ರಿ ಇಳಿಸುತ್ತಾ ಹೋದೆ. ಆಕ್ಸಿಲರೇಟರ್ ಕಡಿಮೆ ಒತ್ತಿದಾಗ ಕಿಡಿಯನ್ನು ಇನ್ನಷ್ಟು ಮುಂಚೆ ತರುವ ವ್ಯಾಕ್ಯೂಮ್ ಪೈಪ್ ಬಿಚ್ಚಿಟ್ಟು ಇದನ್ನು ಮುಗಿಸಿ, ಆಮೇಲೆ ಅದನ್ನು ಜೋಡಿಸಿ ಎಂದಿರಿ. ಎಷ್ಟು ಸರಿಯಾದ ಕ್ರಮ ಅಲ್ವಾ!

ಹಣ ಕೊಡಲು ಹೋದರೆ ಮುಟ್ಟಲಿಲ್ಲ. ಸರ್, ಕಾರು ಈಗ ಅದೇ ಘಾಟಿಯನ್ನು ನಾಕಿಂಗ್ ಇಲ್ಲದೆ ಹತ್ತುತ್ತದೆ. ಮತ್ತೆ ಸಿಕ್ಕರೆ ನೀವೇ ಒಮ್ಮೆ ಓಡಿಸಿ ನೋಡಬೇಕು.