ಕಬ್ಬಿಣದ ಕಾಲ ಮೇಲಿನ ಊರು: ಮಗಳಿಗೊಂದು ಪತ್ರ

ಕ್ರಾಯ್ಡನ್,
ಸೋಮವಾರ ರಾತ್ರಿ

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಜ್ಜಿಯ ಮೊಣಕಾಲು ನೋವು ಇಳಿದಿದೆ ಎಂದು ನೀನು ಫೋನಿನಲ್ಲಿ ಹೇಳಿದ ಮೇಲೆ ನಿಮ್ಮವ್ವನ ಮುಖ ಗೆಲುವಾಯಿತು. ಶನಿವಾರ ಇಂಗ್ಲೆಂಡಿನ ಕಡಲ ದಂಡೆಯ ಊರು ಬ್ರೈಟನ್‌ಗೆ ಹೋಗಿ ನಿನ್ನೆ ಸಂಜೆ ಬಂದೆವು. ನಿಮ್ಮಣ್ಣ ಕಳಿಸಿದ ಫೋಟೋಗಳಲ್ಲಿ ನಮ್ಮ ಮುಖಗಳೇ ತುಂಬಿಕೊಂಡಿವೆ, ಊರು ಎಲ್ಲಿಯೂ ಕಾಣುವುದಿಲ್ಲ. ಆರ್ಕಿಟೆಕ್ಚರ್ ಓದುವ ಮಗಳಿಗೆ ಅಷ್ಟು ಸಾಲದೆಂದು ಇದನ್ನು ಬರೆಯುತ್ತಿದ್ದೇನೆ. ಹಳಿ ನೋಡಿಕೊಳ್ಳುವ ಪರ್ಮನೆಂಟ್ ವೇ ಇನ್‌ಸ್ಪೆಕ್ಟರನ ಕಣ್ಣು ಹೇಗಿರುತ್ತದೆ ಎಂದು ನಿನಗೆ ಗೊತ್ತಲ್ಲ. ಏನನ್ನು ಕಂಡರೂ ಅದು ಯಾವುದರ ಮೇಲೆ ನಿಂತಿದೆ, ಎಲ್ಲಿ ತುಕ್ಕು ತಿಂದಿದೆ, ಬಣ್ಣ ಬಳಿಯುವವರು ಯಾರು ಎಂದೇ ನೋಡುತ್ತದೆ. ಎಲ್ಲರೂ ಸಮುದ್ರ ನೋಡುತ್ತಿದ್ದರೆ ಈ ಮನುಷ್ಯ ಹಲಗೆಯ ಸಂದಿಯಲ್ಲಿ ಬೋಲ್ಟು ಹುಡುಕುತ್ತಿದ್ದ ಎಂದು ನಿಮ್ಮವ್ವ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದಾಳೆ.

ದಾರಿಯಲ್ಲಿ ಬಾಲ್ಕಂ ದಾಟಿದ ಮೇಲೆ ರೈಲು ಊಸ್ ಕಣಿವೆಯ ಸೇತುವೆಯ ಮೇಲೆ ಹೋಗುತ್ತದೆ. 37 ಕಮಾನುಗಳು, ಒಂದು ಕೋಟಿಗೂ ಮೀರಿದ ಇಟ್ಟಿಗೆ, 1841ರದ್ದು. ಮೇಲೆ ಕುಳಿತವನಿಗೆ ಇದ್ಯಾವುದೂ ಕಾಣುವುದಿಲ್ಲ, ಎರಡೂ ಬದಿಗೆ ಹೊಲ ತಗ್ಗಾಗುತ್ತದೆ, ಅಷ್ಟೆ. ದೂಧಸಾಗರದ ಸೇತುವೆ ಮೇಲೆ ನಾವು ಟ್ರಾಲಿ ನಿಲ್ಲಿಸಿ ಇಳಿದು ನೋಡುತ್ತಿದ್ದೆವು, ಇಲ್ಲಿ ಅದಕ್ಕೆ ಆಸ್ಪದವಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್‌ನಿಂದ ಬ್ರೈಟನ್‌ವರೆಗೆ ರೈಲು ಓಡಿತು. ಅಲ್ಲಿಯವರೆಗೆ ಕುದುರೆಗಾಡಿಗೆ ದುಡ್ಡಿದ್ದವರೇ ಹೆಚ್ಚಾಗಿ ಸಮುದ್ರದ ಗಾಳಿಗೆ ಬರುತ್ತಿದ್ದರು. ಅದಕ್ಕೂ ಮೊದಲು ಅದು ಮೀನುಗಾರರ ಊರು. ಹದಿನೆಂಟನೇ ಶತಮಾನದ ನಡುವೆ ರಿಚರ್ಡ್ ರಸೆಲ್ ಎಂಬ ಡಾಕ್ಟರು ಸಮುದ್ರದ ನೀರಿನಲ್ಲಿ ಮಿಂದರೆ ಮತ್ತು ಆ ನೀರನ್ನೇ ಕುಡಿದರೆ ರೋಗ ವಾಸಿಯಾಗುತ್ತದೆ ಎಂದು ಸಾರಿದ್ದೇ ನೆಪ, ದೊಡ್ಡವರೆಲ್ಲ ಬರತೊಡಗಿದರು. ರೋಗಿಗಳ ಹಿಂದೆ ಮೋಜುಗಾರರು, ಮೋಜುಗಾರರ ಹಿಂದೆ ರೈಲು, ರೈಲಿನ ಹಿಂದೆ ಲಂಡನ್ನಿನ ಕೂಲಿಕಾರರು, ಗುಮಾಸ್ತರು. ಈಗಲೂ ಬಿಸಿಲು ಬಿದ್ದ ಶನಿವಾರ ಸ್ಟೇಷನ್ನಿನಿಂದ ಹೊರಬಿದ್ದ ಜನ ಇಳಿಜಾರಿನ ರಸ್ತೆ ಹಿಡಿದು ನೇರವಾಗಿ ನೀರಿನತ್ತ ಹರಿಯುತ್ತಾರೆ. ದಾರಿ ಕೇಳುವುದೇ ಬೇಕಿಲ್ಲ, ಜೊತೆಗೆ ಹೋದರಾಯಿತು.

ದಂಡೆಯಲ್ಲಿ ಮರಳಿಲ್ಲ. ಮುಷ್ಟಿಯಷ್ಟು, ನಿಂಬೆಹಣ್ಣಿನಷ್ಟು ದಪ್ಪದ ಚಕಮಕಿ ಕಲ್ಲುಗಳು ಮೈಲುಗಟ್ಟಲೆ ಬಿದ್ದಿವೆ. ಸೀಮೆಸುಣ್ಣದ ಬಂಡೆ ಸವೆದು ಕರಗಿದ ಮೇಲೆ ಅದರೊಳಗಿನ ಗಟ್ಟಿಕಲ್ಲು ಹೀಗೆ ಉಳಿಯುತ್ತದೆ. ಹಳಿಯ ಜಲ್ಲಿಯ ಮೇಲೆ ನಡೆದ ಕಾಲು ನನ್ನದು, ನನಗೆ ತೊಂದರೆಯಾಗಲಿಲ್ಲ. ನಿಮ್ಮವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಇಟ್ಟವಳೇ ಕುಳಿತುಬಿಟ್ಟಳು. ಅಲೆ ಹಿಂದೆ ಸರಿಯುವಾಗ ಆ ಕಲ್ಲುಗಳೆಲ್ಲ ಒಂದರ ಮೇಲೊಂದು ಉರುಳಿ ಮಾಡುವ ಸದ್ದು ಗೋಕರ್ಣದಲ್ಲಿ, ಕಾರವಾರದಲ್ಲಿ ಕೇಳಿದ್ದಲ್ಲ, ಮೊರದಲ್ಲಿ ಕಡಲೆ ಕೇರಿದಂತೆ. ನಮ್ಮ ಪಕ್ಕದಲ್ಲಿ ಒಬ್ಬ ಮುದುಕ ಕೋಟು ಟೈ ಹಾಕಿಕೊಂಡು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಮಡಿಸುವ ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿದ್ದ. ಆಚೆ ಮೈತುಂಬ ಹಚ್ಚೆಯ ಹುಡುಗ ಹುಡುಗಿಯರು ಡೋಲು ಬಾರಿಸುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ಮುಖ ಸಿಂಡರಿಸಿದವರಿಲ್ಲ. ನಿಮ್ಮಣ್ಣ ಕೊಂಡ ಮೀನು-ಆಲೂಗಡ್ಡೆಯ ಪೊಟ್ಟಣವನ್ನು ಬಿಚ್ಚಿ ಒಂದು ತುಂಡು ಬಾಯಿಯ ಹತ್ತಿರ ತಂದಿದ್ದ ಅಷ್ಟೆ, ಹಿಂದಿನಿಂದ ಸೀಗಲ್ ಬಂದು ರೆಕ್ಕೆಯಿಂದ ಅವನ ಕಿವಿಗೆ ಬಡಿದು ತುಂಡನ್ನು ಎಗರಿಸಿತು. ಕೋಳಿಗಿಂತ ದೊಡ್ಡ ಹಕ್ಕಿ, ಹಳದಿ ಕೊಕ್ಕು, ಹೆದರಿಕೆಯೆಂಬುದೇ ಇಲ್ಲ. ಆಮೇಲೆ ಎದುರಿಗೇ ನಿಂತು ಉಳಿದದ್ದನ್ನೂ ಕೊಡು ಎಂಬಂತೆ ನೋಡುತ್ತಿತ್ತು.

ಪಿಯರ್ ಎಂದರೆ ದಡದಿಂದ ಸಮುದ್ರದೊಳಕ್ಕೆ ಚಾಚಿದ ಅಟ್ಟ. ಪ್ಯಾಲೇಸ್ ಪಿಯರ್ 1899ರದ್ದು, 525 ಮೀಟರ್ ಉದ್ದ. ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರಂ 1507 ಮೀಟರ್, ಅದರ ಮೂರರಲ್ಲೊಂದು ಪಾಲು ಎಂದು ನಿಮ್ಮಣ್ಣನಿಗೆ ಹೇಳಿದೆ. ಅವನು ಕೇಳಿಸಿಕೊಳ್ಳದವನಂತೆ ಮುಂದೆ ಹೋದ. ತುದಿಯಲ್ಲಿ ತಿರುಗುವ ತೊಟ್ಟಿಲು, ಕಿರುಚಾಡುವ ಮಕ್ಕಳು. ನಡುವಿನ ದೊಡ್ಡ ಕೋಣೆಯಲ್ಲಿ ನಾಣ್ಯ ಹಾಕಿದರೆ ನಾಣ್ಯ ಬೀಳುವ ಯಂತ್ರಗಳು. ಚಿಕ್ಕ ಮಕ್ಕಳು ಡಬ್ಬಿಯಲ್ಲಿ ಚಿಲ್ಲರೆ ಹಿಡಿದು ಅವುಗಳ ಮುಂದೆ ನಿಂತಿರುವುದು ನನಗೆ ಸರಿ ಬರಲಿಲ್ಲ, ಜೂಜು ಜೂಜೇ. ಆದರೆ ಸಕ್ಕರೆಯ ಕೋಲು ಮಾರುವವನ ಅಂಗಡಿ ಸೊಗಸು. ಆ ಕೋಲನ್ನು ಎಲ್ಲಿ ಮುರಿದರೂ ಒಳಗೆ ಊರಿನ ಹೆಸರು ಇರುತ್ತದೆ. ಬಣ್ಣದ ಸಕ್ಕರೆಪಾಕದ ಪಟ್ಟಿಗಳಿಂದ ಮೊದಲು ತೊಡೆಗಾತ್ರದ ಅಕ್ಷರಗಳನ್ನು ಜೋಡಿಸಿ, ಸುತ್ತ ಬಿಳಿ ಪಾಕ ಹೊದಿಸಿ, ಬಿಸಿಯಿರುವಾಗಲೇ ಎಳೆದು ಎಳೆದು ಬೆರಳಿನಷ್ಟು ಸಣ್ಣಗೆ ಮಾಡುತ್ತಾರೆ. ಅಕ್ಷರವೂ ಅದರ ಜೊತೆಗೇ ಸಣ್ಣಗಾಗುತ್ತದೆ. ನಿನಗೆ ಒಂದು ಕಟ್ಟು ತಂದಿದ್ದೇನೆ, ಅಜ್ಜಿಗೆ ಕೊಡಬೇಡ, ಹಲ್ಲಿಗೆ ಆಗದು.

ಇನ್ನು ಪಶ್ಚಿಮಕ್ಕೆ ಸ್ವಲ್ಪ ನಡೆದರೆ ವೆಸ್ಟ್ ಪಿಯರ್. 1866ರಲ್ಲಿ ಯುಜೀನಿಯಸ್ ಬರ್ಚ್ ಕಟ್ಟಿದ್ದು. ತುದಿಯಲ್ಲಿ ತಿರುಪಿನ ಸುರುಳಿ ಇರುವ ಬೀಡುಕಬ್ಬಿಣದ ಕಂಬಗಳನ್ನು ಸಮುದ್ರದ ತಳಕ್ಕೆ ತಿರುಗಿಸಿ ಇಳಿಸಿದ. 1975ರಲ್ಲಿ ಅಪಾಯವೆಂದು ಬಾಗಿಲು ಹಾಕಿದರು. 2002ರ ಕೊನೆಗೆ ಒಂದಿಷ್ಟು ಭಾಗ ಕುಸಿಯಿತು, ಮರುವರ್ಷ ಎರಡು ಸಲ ಬೆಂಕಿ ಬಿತ್ತು. ಈಗ ದಡದಿಂದ ದೂರದಲ್ಲಿ ಒಂದು ಎಲುಬುಗೂಡು ನಿಂತಿದೆ. ಎಲ್ಲರೂ ಅದರ ಫೋಟೋ ಹೊಡೆಯುತ್ತಾರೆ, ಬಹಳ ಚೆಂದವಂತೆ. ಕ್ಯಾಸಲ್‌ರಾಕ್ ಘಾಟಿನ ಮಳೆಯಲ್ಲಿ ತುಕ್ಕಿನ ಜೊತೆ ಗುದ್ದಾಡಿದ ನನಗೆ ಚೆಂದವೆನಿಸಲಿಲ್ಲ. ಬಣ್ಣ ಬಳಿಯಲು ದುಡ್ಡಿಲ್ಲದ ವರ್ಷಗಳು ಮಾತ್ರ ಕಂಡವು. ಎರಡು ಪಿಯರುಗಳೂ ಅದೇ ಗಾಳಿಗೆ, ಅದೇ ಉಪ್ಪಿಗೆ ನಿಂತವು. ಒಂದರ ಮೇಲೆ ಜನ ಐಸ್‌ಕ್ರೀಂ ತಿನ್ನುತ್ತಿದ್ದಾರೆ, ಇನ್ನೊಂದರ ಮೇಲೆ ಹಕ್ಕಿಗಳು ಕುಳಿತಿವೆ.

ನನಗೆ ನಿಜವಾದ ಹಬ್ಬ ಪೂರ್ವದ ಕಡೆಗಿತ್ತು. ಮ್ಯಾಗ್ನಸ್ ವೋಕ್ ಎಂಬ ಪುಣ್ಯಾತ್ಮ 1883ರ ಆಗಸ್ಟಿನಲ್ಲಿ ದಂಡೆಯ ಉದ್ದಕ್ಕೂ ವಿದ್ಯುತ್ ರೈಲು ಓಡಿಸಿದ. ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹೋಗುವುದಕ್ಕೆ 19 ವರ್ಷ ಮೊದಲು! ಅದು ಇನ್ನೂ ಓಡುತ್ತಿದೆ, ಈಗಲೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಜಗತ್ತಿನಲ್ಲೇ ಹಳೆಯದು. ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 825 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜಿನ ಅರ್ಧಕ್ಕೂ ಒಂದು ಗುಲಗಂಜಿ ಕಡಿಮೆ. ಮರದ ಬೆಂಚು, ತೆರೆದ ಬದಿ, ಸಾವಕಾಶದ ಓಟ. ಒಂದು ಮೈಲಿಯಷ್ಟೇ ದಾರಿ. ಡ್ರೈವರನಿಗೆ ನಾನು ರೈಲ್ವೆಯವನೆಂದು ಹೇಳಿದೆ. ಕೊನೆಯ ನಿಲ್ದಾಣದಲ್ಲಿ ಕರೆದು ಕಂಟ್ರೋಲರಿನ ಹಿತ್ತಾಳೆಯ ಹಿಡಿಕೆ ತೋರಿಸಿದ. ಅಂಗೈ ತಾಗಿ ತಾಗಿ ಅದು ಕನ್ನಡಿಯಂತಾಗಿದೆ.

ವೋಕ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮುಂದಿನ ರಾಟಿಂಗ್‌ಡೀನ್ ಊರಿಗೆ ಹಳಿ ಒಯ್ಯಬೇಕು, ಆದರೆ ಎದುರಿಗೆ ಸುಣ್ಣದ ಬಂಡೆಗಳ ಕಡಿದಾದ ಗೋಡೆ. ಬಂಡೆಯ ಮೇಲಕ್ಕೆ ಹತ್ತುವುದು ಬೇಡ ಎಂದವನೇ ಸಮುದ್ರದೊಳಗೇ ಹಳಿ ಹಾಕಿದ! ತಳದ ಬಂಡೆಗೆ ಕಾಂಕ್ರೀಟ್ ದಿಮ್ಮಿಗಳನ್ನು ಕೂರಿಸಿ, ಅವುಗಳ ಮೇಲೆ ಎರಡು ಜೋಡಿ ಹಳಿ. ಅದರ ಮೇಲೆ ಏಳು ಮೀಟರ್ ಎತ್ತರದ ನಾಲ್ಕು ಕಾಲು, ಕಾಲುಗಳ ಮೇಲೆ ಹಡಗಿನ ಅಟ್ಟದಂಥ ಬೋಗಿ. ಭರತದ ಹೊತ್ತಿಗೆ ಹಳಿ ನೀರಿನಡಿಗೆ, ಬೋಗಿ ನೀರಿನ ಮೇಲೆ ತಾನೇ ನಡೆದು ಹೋದಂತೆ ಕಾಣುತ್ತಿತ್ತಂತೆ. ರೈಲಾದರೂ ಅದರಲ್ಲಿ ಜೀವರಕ್ಷಕ ದೋಣಿ ಇರಬೇಕು, ಅರ್ಹತೆಯುಳ್ಳ ಹಡಗಿನ ಕ್ಯಾಪ್ಟನ್ ಇರಬೇಕು ಎಂಬ ನಿಯಮ. 1896ರ ನವೆಂಬರ್ 28ರಂದು ಶುರುವಾಯಿತು. ಡಿಸೆಂಬರ್ 4ರ ರಾತ್ರಿ ಬಿರುಗಾಳಿ ಅದನ್ನು ಉರುಳಿಸಿತು. ಹತ್ತಿರದಲ್ಲೇ ಇದ್ದ 1823ರ ಚೈನ್ ಪಿಯರನ್ನೂ ಅದೇ ಗಾಳಿ ನುಂಗಿತು. ಆತ ಮತ್ತೆ ಕಟ್ಟಿ ಮರುವರ್ಷದ ಜುಲೈನಲ್ಲಿ ಓಡಿಸಿದ. 1901ರವರೆಗೆ ಓಡಿತು, ಆಮೇಲೆ ಊರಿನವರು ಅಲೆಗೆ ತಡೆಗೋಡೆ ಕಟ್ಟಲು ಹಳಿ ಸರಿಸಬೇಕೆಂದರು, ಅದಕ್ಕೆ ಬೇಕಾದ ದುಡ್ಡು ಅವನಲ್ಲಿರಲಿಲ್ಲ. ನೀರು ಇಳಿದಾಗ ಆ ದಿಮ್ಮಿಗಳು ಇಂದಿಗೂ ಕಾಣುತ್ತವೆ. ಇಳಿತದ ವೇಳೆ ನೋಡಿಕೊಂಡು ಹೋಗಿದ್ದೆ. ಪಾಚಿ ಹತ್ತಿದ ದಿಮ್ಮಿಗಳು ಸಾಲಾಗಿ ನೀರಿನೊಳಕ್ಕೆ ಹೋಗಿವೆ. ಮೇಲೆ ಕಪ್ಪೆಚಿಪ್ಪು, ನಡುವೆ ಕಬ್ಬಿಣ ಕೂರಿಸಿದ ತೂತಿನ ಗುರುತು. ಬೆರಳಿಟ್ಟು ನೋಡಿದೆ. ಲಾಭ ಬರದ, ಈಗ ಯಾರಿಗೂ ಬೇಕಿಲ್ಲದ ದಾರಿ, ಎಷ್ಟು ನೇರ ಹಾಕಿದ್ದಾನೆ!

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ರಾಯಲ್ ಪೆವಿಲಿಯನ್ ಚಿತ್ರ ನಿನ್ನ ಪಠ್ಯದಲ್ಲಿ ಇರಬಹುದು. ಯುವರಾಜ ಜಾರ್ಜ್ 1783ರಲ್ಲಿ ಮೊದಲ ಬಾರಿ ಈ ಊರಿಗೆ ಬಂದ, ಹೆನ್ರಿ ಹಾಲೆಂಡ್ ಅವನಿಗೊಂದು ಸಾಧಾರಣ ಬಂಗಲೆ ಕಟ್ಟಿಕೊಟ್ಟ. 1815ರಿಂದ 1822ರವರೆಗೆ ಜಾನ್ ನ್ಯಾಶ್ ಅದರ ಮೇಲೆ ಗುಮ್ಮಟ, ಮಿನಾರು, ಜಾಲಂದರ ಹೇರಿದ. ನ್ಯಾಶ್ ಭಾರತ ಕಂಡವನಲ್ಲ. ಥಾಮಸ್ ಮತ್ತು ವಿಲಿಯಂ ಡೇನಿಯಲ್ ನಮ್ಮ ದೇಶ ಸುತ್ತಿ ಮಾಡಿದ ಚಿತ್ರಗಳನ್ನು ನೋಡಿ ಮಾಡಿದ್ದು. ಹೊರಗೆ ಭಾರತ, ಒಳಗೆ ಹೋದರೆ ಚೀನಾ. ಊಟದ ಮನೆಯ ಮಾಡಿನಿಂದ ಬೆಳ್ಳಿಬಣ್ಣದ ಡ್ರ್ಯಾಗನ್ ಒಂದು ಟನ್ ತೂಕದ ಗಾಜಿನ ದೀಪ ಹಿಡಿದು ತೂಗುತ್ತಿದೆ, ಅದರ ಕೆಳಗೆ ನಿಲ್ಲಲು ನಿಮ್ಮವ್ವ ಒಪ್ಪಲಿಲ್ಲ. ನನಗೆ ಹಿಡಿಸಿದ್ದು ಮಾತ್ರ ಅಡುಗೆಮನೆ. ಸೂರು ಹೊತ್ತ ಬೀಡುಕಬ್ಬಿಣದ ಕಂಬಗಳಿಗೆ ತಾಮ್ರದ ಗರಿ ಅಂಟಿಸಿ ಈಚಲ ಮರ ಮಾಡಿದ್ದಾರೆ.

ಹೊರಗಿನ ದೊಡ್ಡ ಗುಮ್ಮಟವೂ ಹಾಗೆಯೇ. ಹಾಲೆಂಡನ ಹಳೆಯ ಕಟ್ಟಡದ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಗುಮ್ಮಟದ ಅಂಗಿ ತೊಡಿಸಿದ್ದು. ನೀನು ವಿಜಯಪುರದಲ್ಲಿ ಗೋಲಗುಮ್ಮಟದ ಒಳಗೆ ನಿಂತು, ಒಂದಕ್ಕೊಂದು ಹೆಣೆದ ಕಮಾನುಗಳು ಭಾರವನ್ನು ಹೇಗೆ ಇಳಿಸುತ್ತವೆ ಎಂದು ನನಗೆ ವಿವರಿಸಿದ್ದೆಯಲ್ಲ, ಅಲ್ಲಿ ಹೊರಗೆ ಕಂಡದ್ದೇ ಒಳಗೂ ಇದೆ. ಇಲ್ಲಿ ಒಳಗೆ ನಿಂತು ಕತ್ತೆತ್ತಿದರೆ ಬೇರೆಯೇ ಮಾಡು. ಸಾಲದ್ದಕ್ಕೆ ನ್ಯಾಶ್ ಮೇಲೆ ಬಳಿಸಿದ ಮ್ಯಾಸ್ಟಿಕ್ ಎಂಬ ಹೊಸ ಬಗೆಯ ಲೇಪ ಬಿರುಕುಬಿಟ್ಟು ಮನೆ ಸೋರತೊಡಗಿತು. ವಿಕ್ಟೋರಿಯಾ ರಾಣಿಗೆ ಇದು ಒಗ್ಗಲಿಲ್ಲ, 1850ರಲ್ಲಿ ಊರಿಗೇ ಮಾರಿಬಿಟ್ಟಳು. ನೀನು ಬಂದರೆ ಇದನ್ನು ಬೈಯುತ್ತೀಯೋ ಮೆಚ್ಚುತ್ತೀಯೋ ನೋಡಬೇಕು. ನಾನು ಬೈದೆ, ಆದರೆ ಸಂಜೆಯ ಬಿಸಿಲಲ್ಲಿ ಹುಲ್ಲಿನ ಮೇಲೆ ಕುಳಿತು ಮತ್ತೊಮ್ಮೆ ನೋಡಿಯೂ ನೋಡಿದೆ.

ಇದೇ ಸುಳ್ಳು ಭಾರತದೊಳಕ್ಕೆ 1914ರ ಡಿಸೆಂಬರಿನಲ್ಲಿ ನಿಜವಾದ ಭಾರತೀಯರನ್ನು ತಂದು ಮಲಗಿಸಿದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂಗಳ ಕಂದಕಗಳಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳು. ಡ್ರ್ಯಾಗನ್ ದೀಪದ ಕೆಳಗೆ ಸಾಲು ಮಂಚ. ಬೇರೆ ಬೇರೆ ಜಾತಿ ಧರ್ಮಗಳಿಗೆಂದು ಒಂಬತ್ತು ಅಡುಗೆಮನೆ, ಹಿಂದೂಗಳಿಗೆ, ಮುಸಲ್ಮಾನರಿಗೆ ಬೇರೆ ನಲ್ಲಿ. ವಿಷದ ಗಾಳಿ ಕುಡಿದಿದ್ದ ಜಮಾದಾರ್ ಮೀರ್ ದಸ್ತ್‌ಗೆ ಐದನೇ ಜಾರ್ಜ್ ದೊರೆ 1915ರ ಆಗಸ್ಟಿನಲ್ಲಿ ವಿಕ್ಟೋರಿಯಾ ಕ್ರಾಸ್ ಎಂಬ ಶೌರ್ಯ ಪದಕ ತೊಡಿಸಿದ್ದು ಇಲ್ಲಿಯ ಹುಲ್ಲುಹಾಸಿನ ಮೇಲೆ. ಆ ಆರೈಕೆಯ ಫೋಟೋಗಳನ್ನು ಭಾರತಕ್ಕೆ ಕಳಿಸಿ ಹಂಚಿದರು, ದೊರೆ ನಿಮ್ಮವರನ್ನು ಅರಮನೆಯಲ್ಲಿಟ್ಟಿದ್ದಾನೆ ಎಂದು ಸಾರಲು. ಅದೇ ಹೊತ್ತಿಗೆ ಸಿಪಾಯಿಗಳು ಮನೆಗೆ ಬರೆದ ಪತ್ರಗಳನ್ನು ಒಡೆದು ಓದುತ್ತಿದ್ದರು. ಊರಿನ ಇನ್ನೊಂದು ಭಾರತೀಯ ಆಸ್ಪತ್ರೆಯ ಸುತ್ತ ಮುಳ್ಳುತಂತಿ ಇತ್ತು. ಆರೈಕೆ ಚೆನ್ನಾಗಿತ್ತು, ನಿಜ. ಬಿಡುವು ಮಾತ್ರ ಅವರ ಕೈಯಲ್ಲಿರಲಿಲ್ಲ.

ಭಾನುವಾರ ಬೆಳಿಗ್ಗೆ ಊರಿನ ಹಿಂದಿನ ಹುಲ್ಲುಗುಡ್ಡ ಹತ್ತಿದೆವು. ಪ್ಯಾಚಮ್ ಎಂಬಲ್ಲಿಂದ ಕಾಲುದಾರಿ, ಎರಡೂ ಬದಿ ಕುರಿ. ತೀರಿಹೋದ 53 ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ದಹನ ಮಾಡಿದ ಜಾಗದಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಇದೆ, ಎಂಟು ಕಂಬ, ಮೇಲೊಂದು ಗುಮ್ಮಟ. 1921ರ ಫೆಬ್ರವರಿ 1ರಂದು ಅನಾವರಣವಾಯಿತು. ಚಿತೆ ಉರಿದ ಕಟ್ಟೆಗಳನ್ನು ಗ್ರಾನೈಟ್ ಚಪ್ಪಡಿಗಳಿಂದ ಮುಚ್ಚಿದ್ದಾರೆ. ಪಕ್ಕದ ಕಲ್ಲಿನಲ್ಲಿ 53 ಹೆಸರುಗಳಿವೆ, ಅದನ್ನು 2010ರಲ್ಲಷ್ಟೇ ನಿಲ್ಲಿಸಿದ್ದು. ನಿಮ್ಮವ್ವ ಚಪ್ಪಲಿ ಬಿಟ್ಟು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದಳು. ಮುಸಲ್ಮಾನ ಸಿಪಾಯಿಗಳನ್ನು ವೋಕಿಂಗ್‌ಗೆ, ಅಲ್ಲಿಯ ಮಸೀದಿಯ ಹತ್ತಿರಕ್ಕೆ ಒಯ್ದು ಮಣ್ಣು ಮಾಡಿದರಂತೆ.

ಈ ಛತ್ರಿಯ ನಕ್ಷೆ ಬರೆದವನು ಇ. ಸಿ. ಹೆನ್ರಿಕ್ಸ್, ಮುಂಬಯಿಯ ಯುವಕ, ಇಂಗ್ಲೆಂಡಿನಲ್ಲಿ ಆಗ ನಿನ್ನ ಹಾಗೆ ವಿದ್ಯಾರ್ಥಿ. ಕೆಳಗಿನ ಅರಮನೆಗಿಂತ ಇದು ನನಗೆ ಎಷ್ಟೋ ಪಾಲು ಹೆಚ್ಚು ಒಪ್ಪಿತು, ಕಂಬ ಕಂಬದ ಕೆಲಸ ಮಾಡುತ್ತಿದೆ, ಗುಮ್ಮಟ ಗುಮ್ಮಟದ ಕೆಲಸ. ಸುತ್ತ ಹೆಜ್ಜೆ ಹಾಕಿ ಅಳತೆ ಬರೆದುಕೊಂಡಿದ್ದೇನೆ, ಕಂಬಗಳ ಬುಡ ಮತ್ತು ತಲೆಯ ಫೋಟೋ ಬೇರೆ ಬೇರೆ ತೆಗೆದಿದ್ದೇನೆ. ನಿಮ್ಮಣ್ಣನ ಕೈಯಲ್ಲಿ ಇವತ್ತೇ ಕಳಿಸುತ್ತೇನೆ. ನಿನ್ನ ಸೆಮಿಸ್ಟರ್ ಕೆಲಸಕ್ಕೆ ಬೇಕಾದರೆ ಬಳಸಿಕೋ. ಹೆನ್ರಿಕ್ಸ್ ಆಮೇಲೆ ಏನೇನು ಕಟ್ಟಿದ ಎಂದು ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿ ನನಗೆ ಬರೆ.

ಅಜ್ಜಿಗೆ ನಮ್ಮ ನಮಸ್ಕಾರ. ಗುರುವಾರ ರಾತ್ರಿ ಫೋನ್ ಮಾಡುತ್ತೇವೆ, ಎಚ್ಚರವಿರು.

ಇಂತಿ,
ನಿನ್ನ ಅಪ್ಪ

ತಾ.ಕ.: ನಿಮ್ಮವ್ವ ಬರೆಸುತ್ತಿದ್ದಾಳೆ: ಫ್ರಿಜ್ಜಿನಲ್ಲಿಟ್ಟ ಶೇಂಗಾ ಚಟ್ನಿಪುಡಿ ಮುಗಿದಿದ್ದರೆ ಮೇಲಿನ ಮನೆಯ ಕಾಕೂ ಹತ್ತಿರ ಕೇಳು, ನಾನು ಹೇಳಿ ಬಂದಿದ್ದೇನೆ.