ಮೇಯರ್ ಅವರೇ, ಹಾಡು ನಿಲ್ಲಿಸುವ ಮುಂಚೆ ಒಮ್ಮೆ ಸದ್ದು ಅಳೆದು ನೋಡಿಸಿ

ಮಾನ್ಯ ಮೇಯರ್ ಅವರಿಗೆ ನಮಸ್ಕಾರ.

ನಾನು ಇದೇ ಊರಿನ ಒಂದು ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಾವು ನಾಲ್ಕು ಜನ. ಪ್ರತಿ ವರ್ಷ ಸಂಗೀತ ಉತ್ಸವದ ದಿನ ನೀವು ದೊಡ್ಡ ವೇದಿಕೆಯಲ್ಲಿ ಉದ್ಘಾಟನೆ ಮಾಡುವ ಹೊತ್ತಿಗೆ ನಾವು ಎರಡು ಬೀದಿ ಆಚೆ, ಒಂದು ಸಣ್ಣ ಬಾರ್‌ನ ಮೂಲೆಯಲ್ಲಿ ಮೇಜು ಸರಿಸಿ ಜಾಗ ಮಾಡಿಕೊಳ್ಳುತ್ತಿರುತ್ತೇವೆ. ಅಲ್ಲಿ ವೇದಿಕೆ ಅಂತ ಏನೂ ಇರಲ್ಲ. ನೆಲ ನುಣುಪು, ಹಾಗಾಗಿ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಪೆಡಲ್ ಒದ್ದಾಗಲೆಲ್ಲ ಮುಂದಕ್ಕೆ ಜಾರುತ್ತೆ. ಅದಕ್ಕೇ ಕೆಳಗೊಂದು ಹಳೇ ಕಂಬಳಿ, ಮುಂದೊಂದು ಇಟ್ಟಿಗೆ. ಫ್ರಿಜ್ ಮತ್ತು ಗಿಟಾರಿನ ಸದ್ದು ಹೆಚ್ಚಿಸುವ ನಮ್ಮ ಆಂಪ್ ಒಂದೇ ಕರೆಂಟ್ ಲೈನಿನಲ್ಲಿದ್ದರೆ ಹಾಡಿನ ಮಧ್ಯೆ ಗುಂಯ್ ಅನ್ನುವ ಸದ್ದು ಬರುತ್ತೆ, ಆಗ ಬಾರ್‌ನವರೇ ಓಡಿ ಬಂದು ಪ್ಲಗ್ ಬದಲಿಸಿ ಕೊಡುತ್ತಾರೆ. ಮೊದಲ ಸಾಲಿನವರು ಕೈ ಚಾಚಿದರೆ ನನ್ನ ಗಿಟಾರ್ ಸಿಗುತ್ತೆ, ಅಷ್ಟು ಹತ್ತಿರ.

ಕಳೆದ ವರ್ಷ ಮೂರನೇ ಹಾಡಿಗೇ ನಮ್ಮನ್ನು ನಿಲ್ಲಿಸಿದರು. ಪರಿಶೀಲನೆಗೆ ಬಂದವರು ಬಾಗಿಲಲ್ಲೇ ನಿಂತು, ದೂರು ಬಂದಿದೆ, ಬಂದ್ ಮಾಡಿ ಅಂದರು. ಎಷ್ಟು ಡೆಸಿಬಲ್ ಇದೆ ಸರ್ ಅಂತ ಕೇಳಿದೆ. ಅವರು ಸದ್ದು ಅಳೆಯುವ ಮೀಟರ್ ತಂದಿರಲಿಲ್ಲ. ದೂರು ಕೊಟ್ಟವರ ಮನೆಗೂ ಹೋಗಿ ನೋಡಿರಲಿಲ್ಲ. ನಮ್ಮ ಡ್ರಮ್ಮರ್ ಅದಾಗಲೇ ಸದ್ದು ಕಮ್ಮಿಯಾಗಲಿ ಅಂತ ಸ್ನೇರ್ ಡ್ರಮ್ ಮೇಲೆ ಟವೆಲ್ ಹಾಸಿ ನುಡಿಸುತ್ತಿದ್ದ. ಸುಮ್ನೆ ವೈರ್ ಸುತ್ತಿಕೊಂಡು ಹೊರಬಂದೆವು. ಬಂದಿದ್ದ ಜನರ ಮುಖ ನೋಡುವುದಕ್ಕೆ ಆಗಲಿಲ್ಲ ನನಗೆ.

ದೂರು ಕೊಟ್ಟವರ ಮೇಲೆ ನನಗೆ ಕೋಪ ಇಲ್ಲ. ನಿದ್ದೆ ಎಲ್ಲರಿಗೂ ಬೇಕು. ನನ್ನ ವಾದ್ಯವೇ ಇದರಲ್ಲಿ ಜಾಸ್ತಿ ತೊಂದರೆ ಕೊಡುವುದು ಅಂತಲೂ ಗೊತ್ತು. ಬೇಸ್‌ನ ದಪ್ಪ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಸಲ ಕಂಪಿಸಿ ನುಡಿಯುತ್ತೆ, ಅದರ ಒಂದು ಅಲೆಯ ಉದ್ದ 8 ಮೀಟರ್‌ಗಿಂತ ಜಾಸ್ತಿ. ಅಂಥ ಅಲೆಯನ್ನು ಪರದೆ, ಫೋಮ್ ತಡೆಯಲ್ಲ. ಗೋಡೆ, ನೆಲ ಹಿಡಿದುಕೊಂಡು ಪಕ್ಕದ ಮನೆಗೆ ಹೋಗುತ್ತೆ. ಹಾಡುವವರ ದನಿ ಆ ಮನೆಗೆ ಕೇಳಿಸದಿದ್ದರೂ ಧಂ ಧಂ ಅನ್ನುವುದು ಮಾತ್ರ ಕೇಳಿಸುತ್ತೆ. ಆದರೆ ಇದಕ್ಕೆ ದಾರಿ ಇದೆ. ಆಂಪ್ ಅನ್ನು ನೆಲದಿಂದ ಎತ್ತಿ ದಪ್ಪ ರಬ್ಬರ್ ಮೇಲೆ ಇಡಬಹುದು, ಪಕ್ಕದ ಮನೆಗೆ ಅಂಟಿದ ಗೋಡೆಯಿಂದ ದೂರ ಸರಿಸಬಹುದು, ಬೇಸ್‌ನ ದಪ್ಪ ದನಿಯನ್ನು ಸೌಂಡ್ ಮಿಕ್ಸರ್‌ನಲ್ಲೇ ಇಳಿಸಬಹುದು. ಹತ್ತು ನಿಮಿಷದ ಕೆಲಸ. ಎಷ್ಟು ಇಳಿಸಬೇಕು ಅಂತ ಯಾರಾದರೂ ಅಳೆದು ಹೇಳಿದರೆ ಸಾಕು, ನಾವು ಇಳಿಸುತ್ತೇವೆ.

ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರಲ್ಲಿ ಲೈವ್ ಮ್ಯೂಸಿಕ್ ಕಾಯ್ದೆ ಬಂತು. ಮದ್ಯದ ಪರವಾನಗಿ ಇರುವ ಜಾಗದಲ್ಲಿ, ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ, 200 ಜನರ ಒಳಗಿದ್ದರೆ ಸಂಗೀತಕ್ಕೆ ಬೇರೆ ಪರವಾನಗಿ ಬೇಡ ಅಂತ ಮಾಡಿದರು. 2015ರಲ್ಲಿ ಅದನ್ನು 500 ಜನಕ್ಕೆ ಏರಿಸಿದರು. ಕಾಟ ಕೊಟ್ಟರೆ ಪರವಾನಗಿ ಮರುಪರಿಶೀಲಿಸಿ ಷರತ್ತು ಹಾಕುವ ಅಧಿಕಾರ ಸ್ಥಳೀಯ ಆಡಳಿತದ ಕೈಯಲ್ಲೇ ಉಳಿಯಿತು. ಮೆಲ್ಬರ್ನ್‌ನಲ್ಲಿ 2010ರಲ್ಲಿ ಬ್ಯಾಂಡ್‌ಗಳು ನುಡಿಸುತ್ತಿದ್ದ ಟೋಟ್ ಅನ್ನುವ ಹಳೇ ಪಬ್ ಮುಚ್ಚಿದಾಗ ಸಾವಿರಾರು ಜನ ಬೀದಿಗಿಳಿದರು. ಆ ಪಬ್ ಅದೇ ವರ್ಷ ಮತ್ತೆ ತೆರೆಯಿತು. 2014ರಲ್ಲಿ ಅಲ್ಲಿನ ವಿಕ್ಟೋರಿಯಾ ರಾಜ್ಯ ಒಂದು ನಿಯಮ ತಂದಿತು: ಮೊದಲಿನಿಂದ ಸಂಗೀತ ನಡೆಯುತ್ತಿರುವ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟುವವರು ಸದ್ದು ತಡೆಯುವ ಏರ್ಪಾಡನ್ನು ತಾವೇ ಮಾಡಿಕೊಳ್ಳಬೇಕು. ನ್ಯಾಯವಾದ ಮಾತು, ಅಲ್ವಾ?

ನಾನು ಕೇಳುವುದು ಇಷ್ಟೇ. ಉತ್ಸವದ ದಿನಗಳಿಗೆ ಸಣ್ಣ ಬಾರ್‌ಗಳಿಗೂ ದೊಡ್ಡ ವೇದಿಕೆಯ ಜೊತೆಗೇ ಒಂದೇ ಅರ್ಜಿಯಲ್ಲಿ ಅನುಮತಿ ಕೊಡಿ. ಈಗ ಒಬ್ಬೊಬ್ಬ ಬಾರ್ ಮಾಲೀಕರೂ ಬೇರೆ ಬೇರೆ ಕಚೇರಿ ಅಲೆದು, ಸಾಕಾಗಿ, ಈ ಸಲ ಬ್ಯಾಂಡ್ ಬೇಡ ಬಿಡಿ, ರೆಕಾರ್ಡ್ ಹಾಕುತ್ತೇವೆ ಅಂತ ಕೈಚೆಲ್ಲುತ್ತಿದ್ದಾರೆ. ಇನ್ನು ದೂರು ಬಂದರೆ ಮೀಟರ್ ಹಿಡಿದವರನ್ನು ಕಳಿಸಿ. ದೂರು ಕೊಟ್ಟವರ ಮನೆಯ ಒಳಗೂ ಅಳೆಯಲಿ. ಮಿತಿ ಮೀರಿದ್ದರೆ ಮೊದಲು ಇಳಿಸಲು ಹೇಳಲಿ. ಹೇಳಿದ ಮೇಲೂ ಇಳಿಸದಿದ್ದರೆ ನಿಲ್ಲಿಸಲಿ, ನಾನು ಎದುರಾಡಲ್ಲ.

ದೊಡ್ಡ ವೇದಿಕೆಗೆ ಕರೆಯಿರಿ ಅಂತ ನಾನು ಬರೆಯುತ್ತಿಲ್ಲ. ಅಲ್ಲಿ ಹಾಡಲು ಬರುವವರು ಕೂಡ ಯಾವುದೋ ಊರಿನ ಇಂಥದ್ದೇ ಮೂಲೆಯಲ್ಲಿ ತಪ್ಪು ನುಡಿಸಿ, ಜನರ ಮುಖ ನೋಡಿ, ಮುಂದಿನ ವಾರ ಸರಿ ಮಾಡಿಕೊಂಡು ಕಲಿತವರು. ಹಾಡು ಹಿಡಿಸದಿದ್ದರೆ ಮೂವತ್ತು ಜನರ ಕೋಣೆಯಲ್ಲಿ ತಕ್ಷಣ ಗೊತ್ತಾಗುತ್ತೆ, ಎಲ್ಲರೂ ಮಾತಾಡಲು ಶುರು ಮಾಡುತ್ತಾರೆ. ಹಿಡಿಸಿದರೆ ಲೋಟ ಕೆಳಗಿಡುವ ಸದ್ದೂ ನಿಲ್ಲುತ್ತೆ. ನಮಗೆ ಅಂಥ ಒಂದು ರಾತ್ರಿ ಸಿಕ್ಕಿತ್ತು, ಎರಡು ವರ್ಷದ ಹಿಂದೆ. ಇವತ್ತಿಗೂ ನಾಲ್ಕೂ ಜನ ಅದನ್ನೇ ಮಾತಾಡುತ್ತೇವೆ.

ಉತ್ಸವದ ಅನುಮತಿ ಕಡತಕ್ಕೆ ಸಹಿ ಹಾಕುವ ಮುಂಚೆ ಒಂದು ಸಂಜೆ ಬನ್ನಿ. ಸೌಂಡ್ ಚೆಕ್ ಆರು ಗಂಟೆಗೆ. ಪಕ್ಕದ ಮನೆಯವರನ್ನೂ ಕರೆದಿದ್ದೇವೆ, ಮೀಟರ್ ನಾವೇ ತರುತ್ತೇವೆ.

ಇಂತಿ,
ನಿಮ್ಮ ಊರಿನ ಒಬ್ಬ ಬೇಸ್ ವಾದಕ